ಕಾಣುವ ಸಭೆ, ಕಾಣದ ಸಭೆ

(ಶತಮಾನೋತ್ಸವದ ಸ್ವಯಂಸೇವಕರ ಸಿದ್ಧತಾ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ದಿವ್ಯ ಬಲಿಪೂಜೆಯಂದು ನಮ್ಮ ಮುಂದೆ ಎರಡು ಸಭೆಗಳಿರುವುವು. ಒಂದು, ದೇವಾಲಯದ ಬೆಂಚುಗಳಲ್ಲಿಯೂ ಹೊರಗಿನ ಚಪ್ಪರದಲ್ಲಿಯೂ ಕುಳಿತಿರುವ, ಕಣ್ಣಿಗೆ ಕಾಣುವ ಸಭೆ. ಇನ್ನೊಂದು, ಮನೆಯ ಹಾಸಿಗೆಯ ಮೇಲೆ, ಆಸ್ಪತ್ರೆಯ ಕೊಠಡಿಯಲ್ಲಿ, ಮುಂಬಯಿಯ ಬಾಡಿಗೆ ಮನೆಯಲ್ಲಿ, ಕುವೈತ್ ದುಬೈಗಳ ವಸತಿಗಳಲ್ಲಿ ಮೊಬೈಲಿನ ಪುಟ್ಟ ಪರದೆಯನ್ನು ಹಿಡಿದು ಕುಳಿತಿರುವ, ಕಣ್ಣಿಗೆ ಕಾಣದ ಸಭೆ. ಈ ಎರಡಕ್ಕೂ ಸೇವೆ ಸಲ್ಲಿಸತಕ್ಕವರು ಯಾರು, ಎಷ್ಟು ಮಂದಿ, ಯಾರ ಕೆಲಸ ಯಾವುದು ಎಂಬುದೇ ಇಂದು ನಾವು ನಿಮ್ಮ ಮುಂದಿಡಬೇಕೆಂದಿರುವ ವಿಷಯ. ಯಂತ್ರಗಳ ವಿಚಾರವನ್ನು ನಮಗಿಂತ ಚೆನ್ನಾಗಿ ಬಲ್ಲ ತರುಣರು ಇಲ್ಲಿ ಅನೇಕರಿದ್ದಾರೆ. ನಾವು ಮಾತನಾಡಬೇಕೆಂದಿರುವುದು ಮನುಷ್ಯರ ವಿಚಾರ.

2020ನೆಯ ಇಸವಿ ಮಾರ್ಚ್ 25ರಿಂದ ದೇಶದಲ್ಲೆಲ್ಲ ಬಾಗಿಲುಗಳು ಮುಚ್ಚಿದ್ದು ನಿಮಗೆ ನೆನಪಿದೆ. ಏಪ್ರಿಲ್ 5ರ ಗರಿಗಳ ಭಾನುವಾರ, ಏಪ್ರಿಲ್ 12ರ ಪಾಸ್ಕ ಹಬ್ಬ, ಎರಡೂ ಜನರಿಲ್ಲದ ದೇವಾಲಯಗಳಲ್ಲಿ ನಡೆದವು. ಅದೇ ಮಾರ್ಚ್ 27ರ ಸಂಜೆ, ಮಳೆಯಲ್ಲಿ ನೆನೆಯುತ್ತಿದ್ದ ಸಂತ ಪೇತ್ರರ ಬರಿದಾದ ಚೌಕದಲ್ಲಿ ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ಲೋಕವೆಲ್ಲ ಮನೆಯಲ್ಲಿದ್ದೇ ಕಂಡಿತು. ದೈವಾರಾಧನೆಗೆ ಸಂಬಂಧಿಸಿದ ರೋಮಿನ ಆಯೋಗವು ಆ ದಿನಗಳಲ್ಲಿ ಹೊರಡಿಸಿದ ಆಜ್ಞಾಪತ್ರದಲ್ಲಿ, ಮೊದಲೇ ಚಿತ್ರಿಸಿಟ್ಟುದನ್ನಲ್ಲದೆ ನೇರ ಪ್ರಸಾರವನ್ನೇ ಉಪಯೋಗಿಸಬೇಕೆಂಬ ಸೂಚನೆಯಿತ್ತು. ಅಂದಿನ ಸಂಕಟ ದೊಡ್ಡದು, ನಿಜ. ಆದರೆ ಪ್ರಸಾರದ ಮಟ್ಟಿಗೆ ಹೇಳುವುದಾದರೆ ಕೆಲಸ ಸುಲಭವಾಗಿತ್ತು. ಎಲ್ಲರೂ ಮನೆಯಲ್ಲಿದ್ದರು, ಇದ್ದದ್ದು ಒಂದೇ ಸಭೆ. ಒಂದು ಮೊಬೈಲನ್ನು ಕಂಬಕ್ಕೆ ಕಟ್ಟಿ ಗುರುವು ಅದರತ್ತ ಮುಖ ಮಾಡಿ ನಿಂತರೆ ಸಾಕಾಗುತ್ತಿತ್ತು. ಜೂನ್ 8ರಿಂದ ಆರಾಧನಾಲಯಗಳನ್ನು ತೆರೆಯಲು ಅನುಮತಿ ದೊರೆತು, ಅರ್ಧ ಜನ ಒಳಗೆ ಬಂದು ಅರ್ಧ ಜನ ಮನೆಯಲ್ಲಿಯೇ ಉಳಿದಾಗ ನಿಜವಾದ ಕಷ್ಟ ಆರಂಭವಾಯಿತು. ಬಂದವರನ್ನು ನೋಡಿಕೊಳ್ಳುವ ಭರದಲ್ಲಿ ಕಂಬಕ್ಕೆ ಕಟ್ಟಿದ ಮೊಬೈಲು ಅನಾಥವಾಯಿತು. ಅನೇಕ ಧರ್ಮಕೇಂದ್ರಗಳಲ್ಲಿ ಅದು ಇಂದಿಗೂ ಹಾಗೆಯೇ ಇದೆ.

ಇಂತಹ ಸ್ಥಿತಿ ಶ್ರೀಸಭೆಗೆ ಹೊಸತಲ್ಲ. ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯವನ್ನು ತೆಗೆದು ನೋಡಿರಿ. ಜೆರುಸಲೇಮಿನಲ್ಲಿ ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದಾಗ, ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರು ಬಿಟ್ಟುಹೋಗುತ್ತಿದ್ದಾರೆಂಬ ಗೊಣಗಾಟ ಎದ್ದಿತು. ಯಾರೋ ಬೇಕೆಂದೇ ಅವರನ್ನು ಬಿಟ್ಟರೆಂದು ಅಲ್ಲಿ ಬರೆದಿಲ್ಲ. ಕೂಟ ಬೆಳೆದಾಗ ಒಂದು ಗುಂಪು ಕಣ್ತಪ್ಪಿತು, ಅಷ್ಟೇ. ಪ್ರೇಷಿತರು ಅದಕ್ಕೆ ಮಾಡಿದ ಪರಿಹಾರವೇನು? ಎಲ್ಲರೂ ಇನ್ನು ಮುಂದೆ ಸ್ವಲ್ಪ ಎಚ್ಚರದಿಂದಿರಿ ಎಂದು ಉಪದೇಶ ಮಾಡಿ ಮುಗಿಸಲಿಲ್ಲ. ತಾವೇ ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳಲೂ ಇಲ್ಲ. ಶಿಷ್ಯರ ಸಮೂಹವೇ ಏಳು ಮಂದಿಯನ್ನು ಹೆಸರು ಹಿಡಿದು ಆರಿಸುವಂತೆ ಮಾಡಿ, ಕೈಯಿಟ್ಟು ಪ್ರಾರ್ಥಿಸಿ, ಆ ಕೆಲಸಕ್ಕೆ ನೇಮಿಸಿದರು. ಇನ್ನೊಂದು ಸ್ವಾರಸ್ಯವಿದೆ. ಸ್ತೇಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಕಣ್ತಪ್ಪಿದವರು ಯಾರೋ, ಅವರ ಕಡೆಯವರಿಗೇ ಹೊಣೆ ದೊರೆತಂತೆ ತೋರುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ, ಮುಂದೆ ಉಪಯೋಗಕ್ಕೆ ಬರುವುದು.

ಪ್ರಸಾರದ ವಿಚಾರದಲ್ಲಿಯೂ ಶ್ರೀಸಭೆ ಹಿಂದೆ ಬಿದ್ದಿಲ್ಲ. 1931ರ ಫೆಬ್ರವರಿ 12ರಂದು ಜಗದ್ಗುರು ಹನ್ನೊಂದನೆಯ ಭಕ್ತಿನಾಥರು, ಮಾರ್ಕೋನಿ ಸ್ವತಃ ನಿರ್ಮಿಸಿಕೊಟ್ಟ ವ್ಯಾಟಿಕನ್ ರೇಡಿಯೋವನ್ನು ಉದ್ಘಾಟಿಸಿದರು. 1948ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ಕ್ರಿಸ್ತ ಜಯಂತಿಯ ನಡುರಾತ್ರಿಯ ಬಲಿಪೂಜೆ ದೂರದರ್ಶನದಲ್ಲಿ ಪ್ರಸಾರವಾಯಿತು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ, ದೈವಾರಾಧನೆಯನ್ನು ಕುರಿತ ಸಂವಿಧಾನದಲ್ಲಿ 20ನೆಯ ಪರಿಚ್ಛೇದವು ಬಹು ಚಿಕ್ಕದು. ಪವಿತ್ರ ವಿಧಿಗಳನ್ನು ಪ್ರಸಾರ ಮಾಡುವಾಗ ಅದು ವಿವೇಕದಿಂದಲೂ ಘನತೆಯಿಂದಲೂ ನಡೆಯಬೇಕು, ಧರ್ಮಾಧ್ಯಕ್ಷರು ಈ ಕೆಲಸಕ್ಕೆಂದೇ ನೇಮಿಸಿದ ಯೋಗ್ಯ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿ ನಡೆಯಬೇಕು, ಬಲಿಪೂಜೆಯ ಪ್ರಸಾರದಲ್ಲಂತೂ ಇದು ವಿಶೇಷವಾಗಿ ಅವಶ್ಯ ಎಂಬುದು ಅದರ ಸಾರಾಂಶ. ಮಹಾಸಭೆಯ ಪಿತೃಗಳು ಅಲ್ಲಿ ಯಾವ ಯಂತ್ರವನ್ನೂ ವರ್ಣಿಸಲು ಹೋಗಲಿಲ್ಲ; ಒಬ್ಬ ಯೋಗ್ಯ ಮನುಷ್ಯನನ್ನು ಕೇಳಿದರು.

ನಮ್ಮಲ್ಲಿ ಆಗುತ್ತಿರುವುದು ಅದಕ್ಕೆ ವಿರುದ್ಧ. ಕ್ಯಾಮೆರಾಕ್ಕೆ ದಾನಿಗಳು ಸುಲಭವಾಗಿ ದೊರೆಯುತ್ತಾರೆ. ಅದರ ಮೇಲೆ ದಾನಿಯ ಹೆಸರು ಬರೆಸಬಹುದು. ಆ ಕ್ಯಾಮೆರಾದ ಹಿಂದೆ ವರ್ಷವಿಡೀ ನಿಲ್ಲುವ ಮನುಷ್ಯ ದೊರೆಯುವುದು ಕಷ್ಟ. ಕಡೆಗೆ ಬಾಗಿಲಲ್ಲಿ ಜನರನ್ನು ಕೂರಿಸುತ್ತಿರುವ ಹುಡುಗನಿಗೇ, ಹಾಗೆಯೇ ಆ ಮೊಬೈಲನ್ನೂ ಸ್ವಲ್ಪ ನೋಡಿಕೋ ಎಂದು ಹೇಳಿಬಿಡುತ್ತೇವೆ. ಇದು ಆಗದ ಕೆಲಸ. ಬಾಗಿಲಲ್ಲಿರುವವನ ಕಣ್ಣು ಬರುವವರ ಕಡೆಗೆ ಇರಬೇಕು: ಊರುಗೋಲಿನವರು ಯಾರು, ಕೈಕೂಸಿನ ತಾಯಿ ಯಾರು, ಮೊದಲ ಬಾರಿಗೆ ಬಂದು ಹಿಂಜರಿಯುತ್ತಿರುವವರು ಯಾರು ಎಂದು ಅವನು ನೋಡಬೇಕು. ಪ್ರಸಾರದಲ್ಲಿರುವವನ ಕಣ್ಣು ಪರದೆಯ ಮೇಲೆ, ಕಿವಿ ಹೆಡ್‌ಫೋನಿನಲ್ಲಿ ಇರಬೇಕು. ಒಬ್ಬನೇ ಇವೆರಡನ್ನೂ ಮಾಡಿದರೆ ಬಾಗಿಲಲ್ಲಿ ಬಂದವರಿಗೆ ನಮಸ್ಕಾರವಿಲ್ಲ, ಮನೆಯಲ್ಲಿರುವವರಿಗೆ ಧ್ವನಿಯಿಲ್ಲ. ಆದುದರಿಂದ ನಮ್ಮ ಮೊದಲ ನಿಯಮ ಇದು: ಒಂದೇ ಬಲಿಪೂಜೆಯಲ್ಲಿ ಯಾರೂ ಎರಡೂ ಸಭೆಗಳ ಸೇವಕರಾಗತಕ್ಕದ್ದಲ್ಲ.

ಸಾಮಾನ್ಯ ಭಾನುವಾರಕ್ಕೆ ಪ್ರಸಾರದ ಕಡೆ ಮೂವರು ಸಾಕೆಂದು ನಾವು ಕಂಡುಕೊಂಡಿದ್ದೇವೆ. ಕ್ಯಾಮೆರಾಕ್ಕೆ ಒಬ್ಬರು, ಧ್ವನಿಗೆ ಒಬ್ಬರು, ಸಂದೇಶ ಮತ್ತು ದೂರವಾಣಿಗೆ ಒಬ್ಬರು. ಇವರಲ್ಲಿ ಅತಿ ಮುಖ್ಯರು ಯಾರೆಂದು ಕೇಳಿದರೆ ಧ್ವನಿಯವರೆಂದೇ ನಾವು ಹೇಳುವೆವು. ಚಿತ್ರ ಮಸುಕಾದರೆ ಹಾಸಿಗೆಯಲ್ಲಿರುವ ಅಜ್ಜಿ ಸಹಿಸಿಕೊಳ್ಳುತ್ತಾರೆ. ಶುಭಸಂದೇಶ ಕೇಳಿಸದಿದ್ದರೆ ಅವರಿಗೆ ಆ ಭಾನುವಾರವೇ ಇಲ್ಲ. ಕ್ಯಾಮೆರಾದಲ್ಲಿಯೇ ಇರುವ ಮೈಕನ್ನು ನಂಬಿದರೆ ಹತ್ತಿರದ ಬೆಂಚಿನ ಕೆಮ್ಮು, ಫ್ಯಾನಿನ ಗಿರಗಿರ, ಎತ್ತರದ ಛಾವಣಿಯ ಪ್ರತಿಧ್ವನಿ ಎಲ್ಲವೂ ಸ್ಪಷ್ಟವಾಗಿ ಕೇಳುವುವು, ಗುರುವಿನ ಮಾತೊಂದನ್ನು ಬಿಟ್ಟು. ಮಿಕ್ಸರಿನಿಂದ ನೇರವಾಗಿ ಒಂದು ತಂತಿಯನ್ನು ಪ್ರಸಾರಕ್ಕೆ ಕೊಡಬೇಕು. ಹಬ್ಬದ ದಿನ ಆವರಣದಲ್ಲಿ ಸಾವಿರಾರು ಮೊಬೈಲುಗಳು ಸೇರಿದಾಗ ಮೊಬೈಲ್ ಸಂಪರ್ಕ ನಿಧಾನವಾಗುತ್ತದೆ; ಆದುದರಿಂದ ಪ್ರಸಾರಕ್ಕೆ ಪ್ರತ್ಯೇಕ ಕೇಬಲ್ ಸಂಪರ್ಕವಿರಲಿ. ಅದರಲ್ಲಿ ನೋಡಬೇಕಾದದ್ದು ಇಳಿಸಿಕೊಳ್ಳುವ ವೇಗವನ್ನಲ್ಲ, ಮೇಲಕ್ಕೆ ಕಳುಹಿಸುವ ವೇಗವನ್ನು. ವಿದ್ಯುತ್ತಿನ ವಿಚಾರ ನಿಮಗೆ ಹೇಳಬೇಕಾದ್ದಿಲ್ಲ. ಯುಪಿಎಸ್ಸಿಗೆ ಇಂಟರ್ನೆಟ್ಟಿನ ಪೆಟ್ಟಿಗೆಯನ್ನೂ ಸೇರಿಸಿರಿ. ಕ್ಯಾಮೆರಾ ಉರಿಯುತ್ತಿದ್ದು ಇಂಟರ್ನೆಟ್ಟು ಆರಿದರೆ ಫಲವೇನು?

ಶತಮಾನೋತ್ಸವದ ದಿನಕ್ಕೆ ಮೂವರು ಸಾಲರು. ಅಂದು ಒಬ್ಬ ಮೇಲ್ವಿಚಾರಕರು ಇರುವರು. ಅವರ ಕೈಯಲ್ಲಿ ಯಾವ ಯಂತ್ರವೂ ಇರದು. ಎರಡು ಕ್ಯಾಮೆರಾಗಳಿಗೆ ಇಬ್ಬರು, ಚಿತ್ರ ಬದಲಿಸಲು ಒಬ್ಬರು, ಧ್ವನಿಗೆ ಒಬ್ಬರು, ವಾಚನಗಳ ಸಂಖ್ಯೆಯನ್ನೂ ಹಾಡುಗಳ ಸಾಲುಗಳನ್ನೂ ಕನ್ನಡ ಅಕ್ಷರದಲ್ಲಿ ಪರದೆಗೆ ಹಾಕಲು ಒಬ್ಬರು, ಸಂದೇಶಗಳಿಗೆ ಇಬ್ಬರು, ಸ್ಯಾಕ್ರಿಸ್ಟಿಗೂ ಪ್ರಸಾರದ ಮೇಜಿಗೂ ಓಡಾಡುವ ಒಬ್ಬ ಚುರುಕು ಹುಡುಗ. ಧರ್ಮಾಧ್ಯಕ್ಷರ ಆಗಮನ ತಡವಾದರೆ, ಹಾಡು ಬದಲಾದರೆ, ಒಬ್ಬ ವಾಚಕರು ಬಾರದಿದ್ದರೆ ಆ ಸುದ್ದಿ ಮೇಜಿಗೆ ತಲುಪುವುದು ಅವನ ಕಾಲಿನಿಂದ. ನಾಲ್ಕು ಕ್ಯಾಮೆರಾ ಬೇಕೆಂದು ಕೇಳಿದ ತರುಣರಿಗೆ ನಾವು ಎರಡಕ್ಕಷ್ಟೇ ಒಪ್ಪಿದ್ದೇವೆ. ಚಿತ್ರ ಕ್ಷಣಕ್ಷಣಕ್ಕೂ ಹಾರಾಡಿದರೆ ನೋಡುವವರಿಗೆ ಪ್ರಾರ್ಥಿಸಲು ಬಿಡುವೆಲ್ಲಿ? ಕ್ಯಾಮೆರಾ ಮತ್ತು ಬಲ್ಲವರನ್ನು ಬಾಡಿಗೆಗೆ ತರುವುದಾದರೆ ತರಲಿ, ಅಡ್ಡಿಯಿಲ್ಲ. ಆದರೆ ಮೇಲ್ವಿಚಾರಕರೂ, ಕಾಣದ ಸಭೆಯನ್ನು ಸ್ವಾಗತಿಸುವ ಧ್ವನಿಯೂ ನಮ್ಮ ಧರ್ಮಕೇಂದ್ರದ್ದೇ ಆಗಿರಬೇಕು. ಬಲಿಪೂಜೆಯ ಕ್ರಮವನ್ನು ಅರಿಯದವನು ಪವಿತ್ರೀಕರಣದ ವೇಳೆ ಹೂಗುಚ್ಛವನ್ನು ತೋರಿಸುತ್ತಾ ಕೂರುವನು.

ಈಗ ಆ ಏಳು ಗ್ರೀಕ್ ಹೆಸರುಗಳ ಮಾತಿಗೆ ಬರೋಣ. ಕಾಣದ ಸಭೆಯ ಸೇವಕರಲ್ಲಿ ಒಬ್ಬರಾದರೂ ಕಾಣದ ಸಭೆಯಲ್ಲಿಯೇ ಇರತಕ್ಕದ್ದು. ಮೇಜಿನ ಬಳಿ ಕುಳಿತವರಿಗೆ ಎಲ್ಲವೂ ಸರಿಯಾಗಿಯೇ ತೋರುತ್ತದೆ. ದೇವಾಲಯದ ಧ್ವನಿವರ್ಧಕವೇ ಅವರ ಕಿವಿ ತುಂಬಿರುತ್ತದೆ. ಮನೆಗೆ ಏನು ತಲುಪುತ್ತಿದೆ ಎಂಬುದನ್ನು ಮನೆಯಲ್ಲಿರುವವರೇ ಹೇಳಬೇಕು. ಮೊಣಕಾಲಿನ ನೋವಿನಿಂದ ಹೊರಗೆ ಬರಲಾಗದ ನಮ್ಮ ಹಿರಿಯ ಉಪಾಧ್ಯಾಯರೊಬ್ಬರಿಗೆ ಈ ಹೊಣೆಯನ್ನು ವಹಿಸಿದ್ದೇವೆ. ಪ್ರತಿ ಭಾನುವಾರ ಧ್ವನಿ ನಿಂತ ಕೂಡಲೇ ಅವರ ದೂರವಾಣಿ ಮೇಜಿಗೆ ಬರುತ್ತದೆ. ಕೆಲವೊಮ್ಮೆ ನಮ್ಮ ಪ್ರಬೋಧನೆ ದೀರ್ಘವಾಯಿತೆಂಬ ಸಂದೇಶವೂ ಬರುತ್ತದೆಂದು ಹುಡುಗರು ಹೇಳುತ್ತಾರೆ! ಅವರು ತಮ್ಮನ್ನು ಇನ್ನು ನೋಡುವವರೆಂದು ಎಣಿಸುತ್ತಿಲ್ಲ, ಸೇವಕರೆಂದು ಎಣಿಸುತ್ತಿದ್ದಾರೆ. ಹಬ್ಬದ ದಿನಕ್ಕೆ ಕುವೈತಿನಲ್ಲಿರುವ ನಮ್ಮ ಒಬ್ಬ ಸಹೋದರಿಯೂ ಈ ಕಾವಲಿಗೆ ಒಪ್ಪಿದ್ದಾರೆ.

ಪರದೇಶದವರ ಮಾತು ಬಂದುದರಿಂದ ಗಡಿಯಾರವನ್ನೂ ನೆನಪಿಡಿರಿ. ಇಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ದುಬೈಯಲ್ಲಿ 8.30, ಕುವೈತಿನಲ್ಲಿ 7.30. ಕುವೈತಿನಲ್ಲಿ ವಾರದ ರಜೆ ಶುಕ್ರವಾರ ಶನಿವಾರ; ಭಾನುವಾರ ಕೆಲಸದ ದಿನ. ಬಲಿಪೂಜೆ ಆರಂಭವಾಗುವಾಗ ಅಲ್ಲಿನವರಲ್ಲಿ ಕೆಲವರು ಬಸ್ಸಿನಲ್ಲಿರುತ್ತಾರೆ. ಪ್ರಸಾರವು ಮನೆಯನ್ನು ತಲುಪುವಲ್ಲಿ ಹತ್ತರಿಂದ ಮೂವತ್ತು ಸೆಕೆಂಡುಗಳ ವಿಳಂಬವೂ ಇದೆ. ಭಕ್ತವಿಶ್ವಾಸಿಗಳ ಪ್ರಾರ್ಥನೆಗೆ ಸೇರಿಸಬೇಕಾದ ಕೋರಿಕೆಗಳನ್ನು ಸಂದೇಶದವರು ಬಲಿಪೂಜೆ ಆರಂಭವಾಗುವ ಮೊದಲೇ ಸಂಗ್ರಹಿಸಿ ವಾಚಕರಿಗೆ ಕೊಡಬೇಕು. ನಡುವೆ ಬಂದುದನ್ನು ಓಡಿಹೋಗಿ ಕೊಡಲು ಹೊರಟರೆ ಯಾರಿಗೂ ನೆಮ್ಮದಿಯಿರದು. ಅಸಭ್ಯ ಮಾತು ಬಂದರೆ, ಅಪರಿಚಿತರು ಹಣದ ಕೋರಿಕೆ ಹಾಕಿದರೆ, ರೋಗಿಗಳ ದೂರವಾಣಿ ಸಂಖ್ಯೆಯನ್ನು ಯಾರಾದರೂ ಎಲ್ಲರಿಗೂ ಕಾಣುವಂತೆ ಬರೆದರೆ, ಅದನ್ನು ತಕ್ಷಣ ತೆಗೆದುಹಾಕುವುದೂ ಅವರ ಕೆಲಸ.

ಅಂತ್ಯಕ್ರಿಯೆಯ ಪ್ರಸಾರದ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಹಬ್ಬಕ್ಕೆ ತಿಂಗಳುಗಳ ಸಿದ್ಧತೆಯಿದೆ, ಸಾವಿಗೆ ಒಂದು ದಿನವೂ ಇಲ್ಲ. ತಂದೆ ತೀರಿಕೊಂಡ ಸುದ್ದಿ ಗಲ್ಫಿನಲ್ಲಿರುವ ಮಗನಿಗೆ ತಲುಪುವುದು ರಾತ್ರಿ. ರಜೆಯಿಲ್ಲ, ಟಿಕೇಟಿಲ್ಲ, ಮಾರನೆಯ ಸಂಜೆಗೆ ಮಣ್ಣು. ಅವನು ತನ್ನ ತಂದೆಯ ಮುಖವನ್ನು ಕೊನೆಯ ಬಾರಿಗೆ ನೋಡುವುದು ನಾವು ಹಿಡಿದ ಮೊಬೈಲಿನ ಮೂಲಕ. ಆ ಮೊಬೈಲನ್ನು ಹಿಡಿದವರು ಯಾರು? ಹಲವು ಕಡೆ, ಕೈ ಬಿಡುವಿದ್ದ ಯಾರೋ ಒಬ್ಬರು. ಜನರು ಅಡ್ಡ ನಿಲ್ಲುತ್ತಾರೆ, ಕರೆ ಬಂದು ಪ್ರಸಾರ ತುಂಡಾಗುತ್ತದೆ, ಕ್ಯಾಮೆರಾ ಅಳುತ್ತಿರುವ ವಿಧವೆಯ ಮುಖವನ್ನೇ ಹಿಂಬಾಲಿಸುತ್ತದೆ. ದುಃಖವು ಪ್ರದರ್ಶನದ ವಸ್ತುವಲ್ಲ. ಆದುದರಿಂದ ಅಂತ್ಯಕ್ರಿಯೆಗೆಂದೇ ಆರು ಮಂದಿಯ ಒಂದು ಪಟ್ಟಿಯನ್ನು ಮಾಡಿದ್ದೇವೆ; ಕೆಲಸದ ದಿನಗಳಲ್ಲಿಯೂ ಊರಿನಲ್ಲಿರುವ ನಿವೃತ್ತರು, ಗೃಹಿಣಿಯರು ಅದರಲ್ಲಿದ್ದಾರೆ. ಯಾವ ಸಾವಿಗಾದರೂ ಇಬ್ಬರು ಬರುವರು. ಮೊದಲು ಮನೆಯವರ ಒಪ್ಪಿಗೆ ಪಡೆಯುವರು, ನೋಡತಕ್ಕವರಿಗೆ ಮಾತ್ರ ಕೊಂಡಿಯನ್ನು ಕಳುಹಿಸುವರು. ಒಬ್ಬರು ಕ್ಯಾಮೆರಾವನ್ನು ಒಂದೇ ಕಡೆ ಸ್ಥಿರವಾಗಿರಿಸಿ, ಶವಪೆಟ್ಟಿಗೆಯೂ ಬಲಿಪೀಠವೂ ಒಟ್ಟಿಗೆ ಕಾಣುವಂತೆ ನೋಡಿಕೊಳ್ಳುವರು. ಇನ್ನೊಬ್ಬರು ಪರದೇಶದಲ್ಲಿರುವ ಮಗನ ಅಥವಾ ಮಗಳ ಸಂಪರ್ಕದಲ್ಲಿರುವರು. ಸಮಾಧಿಭೂಮಿಯಲ್ಲಿ ಪ್ರಾರ್ಥನೆ ಮುಗಿದು ಜನರು ಚದುರಿದ ಮೇಲೆ ಅವರಿಗೆ ಕರೆ ಮಾಡಿ, ಎರಡು ಮಾತನಾಡಿ, ಆಮೇಲೆ ಮನೆಗೆ ಹೋಗುವರು. ಇಲ್ಲಿದ್ದವರ ಹೆಗಲ ಮೇಲೆ ಹತ್ತು ಕೈಗಳು ಬೀಳುತ್ತವೆ. ಅಲ್ಲಿ ಪರದೆ ಕಪ್ಪಾದ ಮೇಲೆ ಒಬ್ಬನೇ ಕುಳಿತಿರುವವನ ಹೆಗಲ ಮೇಲೆ ಕೈಯಿಡುವವರಾರು?

ಕಾಣದವರನ್ನು ನೆನೆಯುವ ಭರದಲ್ಲಿ ಎದುರಿಗೆ ಬಂದು ಕುಳಿತವರನ್ನು ಮರೆಯುವುದೂ ಅಪಾಯವೇ. ಮದುವೆಗಳಲ್ಲಿ ಚಿತ್ರ ತೆಗೆಯುವವರು ವಧೂವರರಿಗೂ ಬಲಿಪೀಠಕ್ಕೂ ನಡುವೆ ಬೆನ್ನು ತೋರಿಸಿ ನಿಲ್ಲುವುದನ್ನು ನೀವೆಲ್ಲ ಬಲ್ಲಿರಿ. ಹಬ್ಬದಂದು ಬಲಿಪೀಠದ ಮೆಟ್ಟಿಲುಗಳ ಮೇಲೆ ಯಾವ ಕ್ಯಾಮೆರಾವೂ ಏರತಕ್ಕದ್ದಲ್ಲ. ಮುಂದಿನ ಬೆಂಚುಗಳ ಕಣ್ಣು ಕುಕ್ಕುವ ದೀಪಗಳು ಬೇಡ. ಪರಮ ಪ್ರಸಾದ ಸ್ವೀಕರಿಸುತ್ತಿರುವವರ ಮುಖವನ್ನು ಹತ್ತಿರದಿಂದ ತೋರಿಸಬೇಡಿರಿ; ಪಾಪನಿವೇದನೆಗೆ ನಿಂತ ಸಾಲಿನತ್ತ ಕ್ಯಾಮೆರಾ ತಿರುಗಲೇಕೂಡದು. ಮಕ್ಕಳ ವಿಷಯದಲ್ಲಿ ತಾಯ್ತಂದೆಯರನ್ನು ಕೇಳಿರಿ. ತೇರಿನ ಮೇಲೆ ಡ್ರೋನ್ ಹಾರಿಸಬೇಕೆಂಬ ಕೋರಿಕೆ ಬಂದಿದೆ. ಅದು ಹಾರಿದರೆ ಜನರೆಲ್ಲ ದೇವಮಾತೆಯನ್ನು ಬಿಟ್ಟು ಆಕಾಶ ನೋಡುವರು. ನಮ್ಮ ಒಪ್ಪಿಗೆ ಇಲ್ಲ.

ಸೇವೆಗೆ ನಿಂತಿರುವ ನಿಮ್ಮ ಬಗ್ಗೆಯೂ ನಮಗೆ ಚಿಂತೆಯಿದೆ. ಹೆಡ್‌ಫೋನ್ ಹಾಕಿಕೊಂಡು ಗುಂಡಿಗಳ ಮೇಲೆ ಬೆರಳಿಟ್ಟು ಕುಳಿತವನು ದೇವಾಲಯದ ಒಳಗೇ ಇದ್ದರೂ ಬಲಿಪೂಜೆಯಲ್ಲಿ ಮನಸ್ಸಿಟ್ಟು ಭಾಗವಹಿಸಲಾರ. ತಿಂಗಳುಗಟ್ಟಲೆ ಹೀಗೆಯೇ ಸಾಗಿದರೆ ಆ ತರುಣನು ಎರಡೂ ಸಭೆಗಳಿಗೆ ಸೇರದವನಾಗುತ್ತಾನೆ. ಇತರರ ಪ್ರಾರ್ಥನೆಗಾಗಿ ಒಬ್ಬನ ಪ್ರಾರ್ಥನೆಯನ್ನು ಬಲಿ ಕೊಡುವ ಅಧಿಕಾರ ನಮಗಿಲ್ಲ. ಆದುದರಿಂದ ಯಾರೂ ಸತತವಾಗಿ ಎರಡು ಭಾನುವಾರ ಮೇಜಿನಲ್ಲಿ ಕೂರಬಾರದು. 10 ಗಂಟೆಯ ಬಲಿಪೂಜೆಯಲ್ಲಿ ಸೇವೆಯಿರುವವರು 6.30ರ ಬಲಿಪೂಜೆಯಲ್ಲಿ ಬರಿಗೈಯಲ್ಲಿ ಕುಳಿತು ಭಾಗವಹಿಸತಕ್ಕದ್ದು. ನವೇನದ ಒಂಬತ್ತು ದಿನಗಳಿಗೆ ಮೂರು ತಂಡಗಳಿರುವುವು, ಒಂದೊಂದಕ್ಕೆ ಮೂರು ದಿನ. ನವೇನವೆಲ್ಲ ತಾನೊಬ್ಬನೇ ಮಾಡುವೆನೆಂದು ಮುಂದೆ ಬಂದ ಉತ್ಸಾಹಿಗಳಿಗೆ ವಂದನೆಗಳು, ಅದು ಬೇಡ.

ಇನ್ನು ಪ್ರಸಾರದಿಂದ ಆಗದಿರುವ ಒಂದು ಕೆಲಸ ಉಳಿದಿದೆ. ಅಸ್ಸಿಸಿಯ ಸಂತ ಕ್ಲಾರಾ 1252ರ ಕ್ರಿಸ್ತ ಜಯಂತಿಯ ರಾತ್ರಿ ಕಾಯಿಲೆಯಿಂದ ಏಳಲಾರದೆ ಹಾಸಿಗೆಯಲ್ಲಿದ್ದಾಗ, ದೂರದ ದೇವಾಲಯದ ಆರಾಧನೆಯು ಅವರಿಗೆ ಮಲಗಿದ್ದಲ್ಲಿಯೇ ಕಂಡು ಕೇಳಿಸಿತೆಂಬ ಪ್ರತೀತಿಯಿದೆ. ಆ ಕಾರಣದಿಂದಲೇ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು 1958ರಲ್ಲಿ ಅವರನ್ನು ದೂರದರ್ಶನದ ಪಾಲಕಿಯೆಂದು ಘೋಷಿಸಿದರು. ನಮಗೆ ಅಂತಹ ಪವಾಡ ಬೇಕಿಲ್ಲ, ಕೇಬಲ್ ಸರಿಯಿದ್ದರೆ ಸಾಕು! ಆದರೆ ಕಾಣುವುದು, ಕೇಳುವುದು ಇಲ್ಲಿಗೆ ಮುಗಿಯಿತು. ಪರಮ ಪ್ರಸಾದವು ಯಾವ ತಂತಿಯಲ್ಲಿಯೂ ಹೋಗದು. ಇಂಟರ್ನೆಟ್ಟನ್ನು ಕುರಿತು 2002ರಲ್ಲಿ ರೋಮಿನಿಂದ ಬಂದ ಪ್ರಕಟಣೆಯೂ ಇದನ್ನೇ ಹೇಳಿತು. 2020ರ ಏಪ್ರಿಲ್ 17ರ ಬೆಳಗಿನ ಪ್ರಬೋಧನೆಯಲ್ಲಿ ಜಗದ್ಗುರು ಫ್ರಾನ್ಸಿಸ್ ಅವರೂ, ಪರದೆಯ ಮೂಲಕ ನಡೆಯುವ ಆರಾಧನೆಯು ಸಂಕಟಕಾಲದ ಏರ್ಪಾಡೇ ಹೊರತು ಸಭೆ ಮತ್ತು ಸಂಸ್ಕಾರಗಳಿಲ್ಲದ ಶ್ರೀಸಭೆ ಇರಲಾರದೆಂದು ಎಚ್ಚರಿಸಿದರು.

ಹಾಗಾದರೆ ಬರಲಾರದವರಿಗೆ ದಾರಿಯೇನು? ಸುಮಾರು 155ರಲ್ಲಿ ಸಂತ ಜಸ್ಟಿನ್ ಅವರು ರೋಮಿನಲ್ಲಿ ಭಾನುವಾರದ ಆರಾಧನೆ ಹೇಗೆ ನಡೆಯುತ್ತದೆಂದು ವಿವರಿಸಿದ ಬರಹದಲ್ಲಿ, ಸಭೆಗೆ ಬಾರದಿದ್ದವರಿಗೆ ಡೀಕನರು ಪರಮ ಪ್ರಸಾದವನ್ನು ಕೊಂಡೊಯ್ಯುತ್ತಿದ್ದರೆಂದು ಸ್ಪಷ್ಟವಾಗಿದೆ. ಮೈಕಿಲ್ಲದ, ವಿದ್ಯುದ್ದೀಪವಿಲ್ಲದ ಆ ಕಾಲದಲ್ಲಿಯೇ ಕಾಣದ ಸಭೆಗೆ ಸೇವಕರು ನೇಮಕವಾಗಿದ್ದರು! 1973ರಿಂದ ಶ್ರೀಸಾಮಾನ್ಯರೂ ವಿಶೇಷ ಸೇವಕರಾಗಿ ಈ ಕೆಲಸವನ್ನು ಮಾಡಲು ಅನುಮತಿಯಿದೆ. ಆದುದರಿಂದ ಪ್ರಸಾರ ಸಮಿತಿಯನ್ನೂ ಪರಮ ಪ್ರಸಾದದ ಸೇವಕರನ್ನೂ ಬೇರೆ ಬೇರೆಯಾಗಿ ಇಡದೆ ಒಂದೇ ಪಟ್ಟಿಯಲ್ಲಿ ಸೇರಿಸಿದ್ದೇವೆ. ಕಾಯಿಲೆಯಿಂದ ಹೊರಬರಲಾರೆ ಎಂದು ಯಾರಾದರೂ ಸಂದೇಶದಲ್ಲಿ ಬರೆದರೆ, ಸಂದೇಶದವರು ಒಂದು ಹೂವಿನ ಚಿತ್ರ ಕಳುಹಿಸಿ ಸುಮ್ಮನಾಗುವಂತಿಲ್ಲ. ಆ ಹೆಸರನ್ನು ಸ್ಯಾಕ್ರಿಸ್ಟಿಯ ಪುಸ್ತಕದಲ್ಲಿ ಬರೆಯತಕ್ಕದ್ದು. ಆ ವಾರದೊಳಗೆ ನಾವಾಗಲಿ ಸಹಾಯಕ ಗುರುಗಳಾಗಲಿ ಸೇವಕರಾಗಲಿ ಆ ಮನೆಯ ಬಾಗಿಲಲ್ಲಿ ನಿಂತಿರುವೆವು. ಕೇವಲ ಸೋಮಾರಿತನದಿಂದ ಮನೆಯಲ್ಲಿ ಉಳಿದವರಿಗೂ ಈ ಭೇಟಿ ಔಷಧವಾಗಬಹುದೆಂದು ನಮ್ಮ ಅನುಮಾನ.

ಶತಮಾನೋತ್ಸವದ ಬಲಿಪೂಜೆಯಲ್ಲಿ ಪರಮ ಪ್ರಸಾದ ವಿತರಣೆ ಮುಗಿದ ಕೂಡಲೇ ಸೇವಕರು ಬಲಿಪೀಠದ ಬಳಿಯಿಂದಲೇ, ಎಲ್ಲರೂ ನೋಡುತ್ತಿರುವಂತೆ, ಪ್ರಸಾದಪಾತ್ರೆಗಳನ್ನು ಹಿಡಿದು ಮನೆಗಳಿಗೆ ಹೊರಡುವರು. ಆ ಹೊತ್ತಿನಲ್ಲಿ ಎರಡನೆಯ ಕ್ಯಾಮೆರಾ ಅವರನ್ನು ಬಾಗಿಲವರೆಗೆ ಹಿಂಬಾಲಿಸಲಿ. ಮನೆಯಲ್ಲಿ ಕಾಯುತ್ತಿರುವವರು ತಮ್ಮ ಕಡೆಗೆ ಹೊರಟವರನ್ನು ನೋಡಲಿ. ವಾಹನ ಸಮಿತಿಯವರು ಇವರಿಗಾಗಿ ಮೂರು ಸ್ಕೂಟರುಗಳನ್ನೂ ಒಂದು ಆಟೋವನ್ನೂ ಪಕ್ಕದ ಗೇಟಿನಲ್ಲಿ ನಿಲ್ಲಿಸಿರಬೇಕು. ರೋಗಿಗಳ ಪಟ್ಟಿಯಲ್ಲಿ ಕೆಲವು ವಿಳಾಸಗಳು ಹಳೆಯವು; ತಿಳಿದವರು ಉಪದೇಶಿಯವರ ಬಳಿ ತಿದ್ದಿಸಿರಿ. ಶನಿವಾರ ಸಂಜೆ 4 ಗಂಟೆಗೆ ಎರಡೂ ಕಡೆಯ ಸ್ವಯಂಸೇವಕರು ದೇವಾಲಯಕ್ಕೆ ಬರತಕ್ಕದ್ದು. ಹಬ್ಬದ ಕ್ರಮವನ್ನು ಆರಂಭದಿಂದ ಕೊನೆಯವರೆಗೆ ಒಮ್ಮೆ ನಡೆಸಿ ನೋಡೋಣ. ಮನೆಯ ಕಾವಲಿನ ಹಿರಿಯರು ಅಂದೂ ದೂರವಾಣಿಯಲ್ಲಿರುವರು.